ನೂರ ಮೂವತ್ತು ಮೈಲಿ

ಬಟ್ಟೆ ಒಗೆಯುವ ಅಂಗಡಿಗೆ ಅಂಟಿದ ಕೋಣೆ ನನ್ನದು.
ಗೋಡೆಯಾಚೆ ಯಾರದೋ ಅಂಗಿಯ ಗುಂಡಿ
ದಿನವಿಡೀ ಡ್ರಮ್ಮಿಗೆ ಬಡಿಯುತ್ತಿರುತ್ತದೆ.
ಮಾರ್ಚ್ ಬಂತೆಂದರೆ ಬಾರ್‌ಸ್ಟೋ ಊರಿನವರು
ಬೂಟಿನ ಡಬ್ಬದಲ್ಲಿ ಹೋದ ವರ್ಷವನ್ನು ತುರುಕಿಕೊಂಡು
ನನ್ನ ಮೇಜಿಗೆ ಬರುತ್ತಾರೆ.

ವೆಂಡೆಲ್ ಜಾರ್ಗನ್ಸನ್ ಬಂದದ್ದು ರಾತ್ರಿ ಪಾಳಿ ಮುಗಿಸಿ,
ಉಗುರಿನಲ್ಲಿ ಇಂಜಿನ್ನಿನ ಕಪ್ಪು.
ನೆಬ್ರಾಸ್ಕಾದ ರೈಲು ಯಾರ್ಡು ಕೈಬಿಟ್ಟಿತು,
ಇಲ್ಲಿನ ಯಾರ್ಡು ಕೈಹಿಡಿಯಿತು,
ನಡುವೆ ಸಾವಿರದ ಚಿಲ್ಲರೆ ಮೈಲಿ.
"ಮನೆ ಬದಲಿಸಿದ ಖರ್ಚನ್ನು ತೆರಿಗೆಯಲ್ಲಿ ಕಳೆಯಬಹುದಂತೆ?"

ವಾಷಿಂಗ್ಟನ್ ಒಲ್ಲೆನೆಂದು ವರ್ಷಗಳಾದವು, ಎಂದೆ.
ಕೆಲವು ರಾಜ್ಯಗಳು ಇನ್ನೂ ಹೂಂ ಅನ್ನುತ್ತವೆ, ನಮ್ಮದೂ ಒಂದು,
ಅಣ್ಣ ಬಾಗಿಲು ಹಾಕಿಕೊಂಡ ಮೇಲೆ
ತಮ್ಮ ಹಿತ್ತಿಲ ಕದ ತೆರೆದಿಟ್ಟ ಹಾಗೆ.
ಅವನು ನಗಲಿಲ್ಲ.
ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಸಾಮಾನಿನ ಲಾರಿ, ಬರೆದುಕೊಂಡೆ.
ಮಂಚ ಮೇಜು ಇಪ್ಪತ್ತು ದಿನ ಗೋದಾಮಿನಲ್ಲಿದ್ದದ್ದು, ಅದೂ ಬಂತು.
ದಾರಿಯ ಮೋಟೆಲ್ಲು, ಸರಿ.
ಊಟ?
ಊಟ ಆಟಕ್ಕುಂಟು, ಲೆಕ್ಕಕ್ಕಿಲ್ಲ.
ನಾಯಿ?
ದುಡ್ಡು ಕೊಟ್ಟು ಸಾಗಿಸಿದ್ದರೆ ಅದೂ ಮನೆಸಾಮಾನೇ;
ಪಕ್ಕದ ಸೀಟಿನಲ್ಲಿ ಪುಕ್ಕಟೆ ಕೂತು ಬಂದದ್ದಕ್ಕೆ
ಕಾನೂನು ಏನೂ ಕೊಡುವುದಿಲ್ಲ.
ಕಿಟಕಿಯಾಚೆ, ಪಿಕಪ್ಪಿನೊಳಗೆ, ಆ ಮನೆಸಾಮಾನು
ಗಾಜು ನೆಕ್ಕುತ್ತಿತ್ತು.

ಹನ್ನೆರಡು ತಿಂಗಳಲ್ಲಿ ಮೂವತ್ತೊಂಬತ್ತು ವಾರ
ಇಲ್ಲಿ ದುಡಿದಿರಬೇಕು, ಎಂದೆ.
"ಒಂದು ಬಸಿರಿನಷ್ಟು," ಎಂದ
ಮೂರು ಹೆಣ್ಣುಮಕ್ಕಳ ತಂದೆ.

ಮೈಲಿ ಎಷ್ಟು?
ಮೀಟರು ತೋರಿಸಿದ್ದು ಸಾವಿರದ ನೂರ ತೊಂಬತ್ತು.
ಬರೆಯುವಷ್ಟರಲ್ಲಿ ಕೈ ಅಡ್ಡ ಇಟ್ಟ.
"ನೂರ ಮೂವತ್ತು ತೆಗೆಯಿರಿ ಅದರಲ್ಲಿ.
ಯೂಟಾದಲ್ಲಿ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿದ್ದೆ.
ಹೆಲ್ಪರ್ ಅಂತ ಒಂದು ಊರು.
ಏರು ಹತ್ತಲಾರದ ಗೂಡ್ಸಿಗೆ
ಇನ್ನೊಂದು ಇಂಜಿನ್ನು ಕಟ್ಟುತ್ತಿದ್ದರು ಅಲ್ಲಿ, ನೂಕಲಿಕ್ಕೆ,
ಅದಕ್ಕೇ ಆ ಹೆಸರು.
ನನ್ನ ಅಣ್ಣ ಇದ್ದಾನೆ.
ಹನ್ನೊಂದು ವರ್ಷ ಮಾತಿಲ್ಲ."

ಮಾತಾಡಿದಿರಾ?

"ಮನೆಯೆದುರು ಗಾಡಿ ನಿಲ್ಲಿಸಿ ಸ್ಯಾಂಡ್‌ವಿಚ್ ತಿಂದೆ.
ಒಳಗೆ ದೀಪವಿತ್ತು. ಯಾರೋ ಪಾತ್ರೆ ತೊಳೆಯುತ್ತಿದ್ದರು.
ನಾಯಿ ಬೊಗಳಿತು.
ಹೊರಟುಬಂದೆ."

ಕಾನೂನು ಕೇಳುವುದು ನೇರ ದಾರಿಯನ್ನೇ, ನಿಜ.
ಆದರೆ ಮರುಭೂಮಿಯನ್ನು ಅಳೆಯಲು ಬರುವವರು ಯಾರು?
ಮೈಲಿಗೆ ಇಪ್ಪತ್ತೊಂದು ಸೆಂಟು,
ಎಲ್ಲ ಸೇರಿ ಇಪ್ಪತ್ತೇಳು ಡಾಲರು ಮೂವತ್ತು ಸೆಂಟು,
ಅದರಲ್ಲಿ ಉಳಿಯುವ ತೆರಿಗೆ
ಒಂದು ಡಾಲರು ಅರವತ್ತನಾಲ್ಕು.
ಅಷ್ಟಕ್ಕೆ ಈ ಬೀದಿಯಲ್ಲಿ
ಒಂದು ಲೋಟ ಕಾಫಿ ಹುಟ್ಟುವುದಿಲ್ಲ, ಬಿಡಿ, ಎಂದೆ.

"ಕೆಲಸಕ್ಕೆ ಹೋದ ದಾರಿಯಲ್ಲ ಅದು," ಎಂದ.

ಹೊಡೆದುಹಾಕಿದೆ. ಸಾವಿರದ ಅರವತ್ತು.
ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ,
ಕೂಡಿಸಿ ಕೂಡಿಸಿ ಎಂದು ಗೋಗರೆದವರನ್ನಷ್ಟೇ ಕಂಡವಳು.

ರಸೀತಿಗಳನ್ನು ಹಿಂದಕ್ಕೆ ಕೊಟ್ಟೆ.
ಒಂದೊಂದಾಗಿ ಡಬ್ಬಕ್ಕೆ ಹಾಕಿದ, ಇಸ್ಪೀಟು ಎಲೆ ಜೋಡಿಸಿದಂತೆ.
ಹೆಲ್ಪರಿನ ಪೆಟ್ರೋಲ್ ಬಂಕಿನದು ಕೈಗೆ ಬಂತು.
ಶಾಯಿ ಆಗಲೇ ಅರ್ಧ ಮಾಸಿತ್ತು.
ಅದೊಂದನ್ನು ಮಡಿಸಿ
ಅಂಗಿಯ ಜೇಬಿಗೆ ಸೇರಿಸಿದ.

ಬಾಗಿಲಲ್ಲಿ ನಿಂತು, ನಾನು ಕೇಳದೆಯೇ:
"ಇಲ್ಲಿಂದ ಅಲ್ಲಿಗೆ ಐನೂರ ಎಪ್ಪತ್ತು."
ಅದನ್ನು ಕಳೆಯಲು ಬರುವುದಿಲ್ಲ ಮಾರಾಯ, ಎಂದೆ.
"ಗೊತ್ತು," ಎಂದ.

ಬಿಸಿಲಿಗೆ ಕಣ್ಣು ಕಿರಿದುಮಾಡಿ ರಸ್ತೆ ದಾಟಿದ.
ಡ್ರೈವರಿನ ಸೀಟಿನಲ್ಲಿದ್ದ ನಾಯಿ
ಎದ್ದು, ಒಂದು ಸುತ್ತು ತಿರುಗಿ,
ಪಕ್ಕಕ್ಕೆ ಸರಿದು ಕೂತಿತು.